ನರವೂ ಸ್ನಾಯುವೂ ಕೂಡುವ ಸಂದು

ದಾವಣಗೆರೆ ಜಿಲ್ಲೆಯ ಜಗಳೂರಿನ ಬಯಲು ಹೊಲವಿರಲಿ, ಚನ್ನಗಿರಿಯ ಅಡಿಕೆ ತೋಟವಿರಲಿ, ಹೊನ್ನಾಳಿ, ನ್ಯಾಮತಿಗಳ ಬತ್ತದ ಗದ್ದೆಯಿರಲಿ, ಅಲ್ಲಿ ದುಡಿಯುವವರಿಗೆ ಹಾವಿನ ಭಯ ಹೊಸದಲ್ಲ. ರಾತ್ರಿ ನೆಲದ ಮೇಲೆ ಮಲಗಿದವನನ್ನು ಕಟ್ಟುಹಾವು ಕಚ್ಚಿದರೆ ಅನೇಕ ವೇಳೆ ನೋವೂ ಇರುವುದಿಲ್ಲ, ಬಾವೂ ಬರುವುದಿಲ್ಲ. ಆದರೆ ಕೆಲವು ಗಂಟೆಗಳಲ್ಲಿ ರೆಪ್ಪೆಗಳು ಜೋಲುತ್ತವೆ; ನುಂಗುವುದು ಕಷ್ಟವಾಗುತ್ತದೆ; ಕೊನೆಗೆ ಉಸಿರಾಟವೇ ನಿಲ್ಲಬಹುದು. ಸ್ನಾಯುಗಳಿಗೆ ಗಾಯವಾಗಿಲ್ಲ. ಹಾಗಾದರೆ ಕೆಟ್ಟದ್ದೇನು? ಇದನ್ನು ತಿಳಿಯಬೇಕಾದರೆ ನರವೂ ಸ್ನಾಯುವೂ ಕೂಡುವ ಬಗೆಯನ್ನು ನಾವು ಅರಿಯಬೇಕು.

ಗರ್ಭದಲ್ಲಿ ಶಿಶು ಬೆಳೆಯುವಾಗ ಅನೇಕ ಸಣ್ಣ ಜೀವಕೋಶಗಳು ಒಂದರೊಡನೊಂದು ಬೆಸೆದು ಸ್ನಾಯುವಿನ ಉದ್ದನೆಯ ಎಳೆಗಳಾಗುತ್ತವೆ. ಅತ್ತ ಬೆನ್ನುಹುರಿಯಿಂದ ಹೊರಟ ನರತಂತುಗಳು ಅವುಗಳನ್ನು ಅರಸಿ ಬರುತ್ತವೆ. ನರದ ತುದಿಯು ತಾನು ಸೇರಿದೆಡೆಯಲ್ಲಿ ಅಗ್ರಿನ್ ಎಂಬ ಪ್ರೋಟೀನನ್ನು ಸೂಸುತ್ತದೆ. ಇದರ ಪ್ರಭಾವದಿಂದ, ನರದ ಸಂದೇಶವನ್ನು ಹಿಡಿಯಬಲ್ಲ ಗ್ರಾಹಕಗಳು ಸ್ನಾಯುವಿನ ಮೇಲೆ ಅದೇ ಜಾಗದಲ್ಲಿ ಗುಂಪುಗೂಡುತ್ತವೆ. ಮೊದಮೊದಲು ಒಂದೊಂದು ಎಳೆಗೂ ಹಲವು ನರತಂತುಗಳು ಬಂದು ಸೇರಿರುತ್ತವೆ. ಕ್ರಮೇಣ ಒಂದು ಮಾತ್ರ ನೆಲೆನಿಂತು, ಮಿಕ್ಕವು ಹಿಂದೆ ಸರಿಯುತ್ತವೆ.

ಹೀಗೆ ಕೂಡಿದರೂ ನರವು ಸ್ನಾಯುವನ್ನು ಮುಟ್ಟಿರುವುದಿಲ್ಲ. ಅವೆರಡರ ನಡುವೆ ಒಂದು ಮಿಲಿಮೀಟರಿನ ಸುಮಾರು 20,000ದಲ್ಲಿ ಒಂದು ಪಾಲಿನಷ್ಟು ಕಿರಿದಾದ ಸಂದು ಇದೆ. ನರದಲ್ಲಿ ಹರಿದು ಬಂದ ವಿದ್ಯುತ್ ಸಂಕೇತವು ಇದನ್ನು ದಾಟಲಾರದು. ಸೇತುವೆಯಿಲ್ಲದ ಹೊಳೆಯನ್ನು ನಾವು ದೋಣಿಯಲ್ಲಿ ದಾಟುವುದಿಲ್ಲವೆ? ಇಲ್ಲಿ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕವೇ ದೋಣಿ. ಸಂಕೇತವು ಬಂದೊಡನೆ ಅದು ನರದ ತುದಿಯಿಂದ ಹೊರಬಿದ್ದು, ಆಚೆ ದಡದ ಗ್ರಾಹಕಗಳನ್ನು ಸೇರುತ್ತದೆ, ಸ್ನಾಯು ಸಂಕುಚಿತವಾಗುತ್ತದೆ. ಮರುಕ್ಷಣವೇ ಒಂದು ಕಿಣ್ವವು ಅದನ್ನು ಒಡೆದು ಸಂದನ್ನು ತೆರವು ಮಾಡುತ್ತದೆ.

ಹಾವಿನ ವಿಷವು ಹೊಡೆಯುವುದು ಈ ಸಂದಿನಲ್ಲಿಯೇ. ನಾಗರಹಾವಿನ ವಿಷವು ಗ್ರಾಹಕಗಳನ್ನು ಆಕ್ರಮಿಸಿ, ದೋಣಿ ತಂಗಲು ಎಡೆಯಿಲ್ಲದಂತೆ ಮಾಡುತ್ತದೆ. ಕಟ್ಟುಹಾವಿನ ವಿಷವಾದರೋ ದೋಣಿ ಹೊರಡುವ ನರದ ತುದಿಯನ್ನೇ ಹಾಳುಗೆಡಹುತ್ತದೆ. ಪ್ರತಿವಿಷವು ರಕ್ತದಲ್ಲಿರುವ ವಿಷವನ್ನು ತಡೆಯಬಲ್ಲದು. ಆಗಲೇ ಹಾಳಾದ ತುದಿಯನ್ನು ಸರಿಪಡಿಸಲಾರದು. ಆದುದರಿಂದಲೇ ಮಂತ್ರ, ತಾಯಿತಗಳಲ್ಲಿ ಕಳೆದ ಒಂದೊಂದು ಗಳಿಗೆಯೂ ದುಬಾರಿಯಾದುದು.

ಆದರೆ ಇಲ್ಲೊಂದು ಭರವಸೆಯೂ ಉಂಟು. ಹಾಳಾದ ನರದ ತುದಿ ಮತ್ತೆ ಚಿಗುರುತ್ತದೆ. ಗರ್ಭದಲ್ಲಿ ನಡೆದ ಕೂಡಿಕೆ ಇನ್ನೊಮ್ಮೆ ನಡೆಯುತ್ತದೆ. ಅಲ್ಲಿಯವರೆಗೆ, ಹಲವು ದಿನಗಳೇ ಹಿಡಿದರೂ, ಯಂತ್ರದ ನೆರವಿನಿಂದ ಉಸಿರಾಡಿಸಿ ರೋಗಿಯನ್ನು ಬದುಕಿಸಬಹುದು. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಆಸ್ಪತ್ರೆಗಳು ತಪ್ಪದೆ ವರದಿಮಾಡಬೇಕಾದ ಪ್ರಕರಣಗಳ ಸಾಲಿಗೆ ಸೇರಿಸಿತು. ಕಡಿತಕ್ಕೊಳಗಾದವನನ್ನು ತಡಮಾಡದೆ ಆಸ್ಪತ್ರೆಗೆ ಸೇರಿಸುವ ಹೊಣೆ ಮಾತ್ರ ನಮ್ಮದು.