ನಮ್ಮೊಳಗಿನ ಗಡಿಯಾರ



ಕೋಳಿ ಕೂಗುವ ಹೊತ್ತಿಗೆ ನಿಮಗೆ ತಾನಾಗಿಯೇ ಎಚ್ಚರವಾಗುತ್ತದೆ. ವೇಳೆಗೆ ಸರಿಯಾಗಿ ಹಸಿವಾಗುತ್ತದೆ, ರಾತ್ರಿಯಾದೊಡನೆ ತೂಕಡಿಕೆ ಬರುತ್ತದೆ. ಇದೆಲ್ಲ ಬರಿಯ ಅಭ್ಯಾಸಬಲವಲ್ಲ. ಪ್ರತಿಯೊಬ್ಬರ ದೇಹದೊಳಗೂ ಒಂದು ಗಡಿಯಾರವಿದೆ.

ಈ ಗಡಿಯಾರ ಗಿಡಗಳಿಗೂ ಉಂಟು. 1729ರಲ್ಲಿ ಫ್ರಾನ್ಸ್ ದೇಶದ ಡಿ ಮೈರಾನ್ ಎಂಬ ವಿಜ್ಞಾನಿಯು ಮುಟ್ಟಿದರೆ ಮುನಿಯಂಥ ಗಿಡವೊಂದನ್ನು ಕತ್ತಲೆಯಲ್ಲಿಟ್ಟು ನೋಡಿದನು. ಬಿಸಿಲು ಕಾಣದಿದ್ದರೂ ಗಿಡವು ಹಗಲಿನ ವೇಳೆಗೆ ಎಲೆ ಬಿಚ್ಚುತ್ತಿತ್ತು, ರಾತ್ರಿಯ ವೇಳೆಗೆ ಮಡಿಸುತ್ತಿತ್ತು. ಜೀವಕೋಶಗಳೊಳಗೆ ಈ ಗಡಿಯಾರ ನಡೆಯುವ ಬಗೆಯನ್ನು ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ ಮೂವರು ಅಮೆರಿಕದ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಹುಮಾನ ದೊರೆಯಿತು.

ಮನುಷ್ಯನಲ್ಲಿ ಮುಖ್ಯ ಗಡಿಯಾರವಿರುವುದು ಮಿದುಳಿನಲ್ಲಿ, ಎರಡು ಕಣ್ಣುಗಳ ನರಗಳು ಕೂಡುವ ಸ್ಥಳದ ಮೇಲೆ. ಸಾಮಾನ್ಯವಾಗಿ ಇದು 24 ಗಂಟೆಗಿಂತ ತುಸು ನಿಧಾನವಾಗಿ ನಡೆಯುತ್ತದೆ. ದಿನವೂ ಇದನ್ನು ಸರಿಪಡಿಸುವುದು ಬೆಳಗಿನ ಬೆಳಕು. ಕತ್ತಲಾದ ಮೇಲೆ ಮೆಲಟೋನಿನ್ ಎಂಬ ರಸವು ರಕ್ತದಲ್ಲಿ ಹೆಚ್ಚಿ, ದೇಹವನ್ನು ನಿದ್ದೆಗೆ ಸಿದ್ಧಗೊಳಿಸುತ್ತದೆ. ರಾತ್ರಿ ಪ್ರಖರವಾದ ದೀಪ ಉರಿಸಿದರೆ, ಮೊಬೈಲ್ ನೋಡುತ್ತ ಕುಳಿತರೆ ಈ ರಸ ತಗ್ಗುತ್ತದೆ.

ಕರೆಂಟು ಬಂದಾಗ ರಾತ್ರಿಯೇ ನೀರು ಹಾಯಿಸಬೇಕಾದವರು ಇದನ್ನು ಚೆನ್ನಾಗಿ ತಿಳಿದಿರಬೇಕು. ಬೆಳಗಿನ ಜಾವ 3ರಿಂದ 5ರವರೆಗೆ ಮೈಯ ಶಾಖ ಕುಗ್ಗಿರುತ್ತದೆ, ಗಮನವೂ ಮಂಕಾಗಿರುತ್ತದೆ. ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟುವುದು, ಬಾವಿಯ ಅಂಚಿನಲ್ಲಿ ಕಾಲು ಜಾರುವುದು, ಹಾವನ್ನು ಕಾಣದೆ ತುಳಿಯುವುದು ಇಂಥ ಹೊತ್ತಿನಲ್ಲಿಯೇ. ವರ್ಷಗಟ್ಟಲೆ ರಾತ್ರಿ ದುಡಿಯುವವರಲ್ಲಿ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗಳ ಸಂಭವವೂ ಹೆಚ್ಚು.

ಆದುದರಿಂದ ಈ ಕ್ರಮಗಳನ್ನು ಅನುಸರಿಸಿರಿ:

1. ದಿನವೂ ಒಂದೇ ವೇಳೆಗೆ ಮಲಗಿ, ಒಂದೇ ವೇಳೆಗೆ ಏಳಿರಿ. ದೊಡ್ಡವರಿಗೆ 7 ಗಂಟೆಗಳ ನಿದ್ದೆಯಾದರೂ ಬೇಕು. ಶಾಲೆಯ ಮಕ್ಕಳಿಗೆ ಇನ್ನೂ ಹೆಚ್ಚು ಬೇಕು.

2. ಎದ್ದೊಡನೆ ಅಂಗಳಕ್ಕೆ ಬಂದು ಸ್ವಲ್ಪ ಹೊತ್ತು ಬೆಳಕಿನಲ್ಲಿರಿ.

3. ಮಲಗುವುದಕ್ಕೆ ಒಂದು ಗಂಟೆ ಮುಂಚೆ ಮೊಬೈಲನ್ನು ಬದಿಗಿಡಿರಿ.

4. ರಾತ್ರಿ ನೀರು ಹಾಯಿಸುವ ದಿನ ಸಂಜೆಯೇ ಊಟ ಮಾಡಿ ಒಂದು ನಿದ್ದೆ ತೆಗೆಯಿರಿ. ನಡುರಾತ್ರಿ ಹೊಟ್ಟೆ ತುಂಬ ಉಣ್ಣಬೇಡಿರಿ. ತೋಟಕ್ಕೆ ಒಬ್ಬರೇ ಹೋಗಬೇಡಿರಿ. ನೆರೆಯವರೊಡನೆ ಸರದಿ ಮಾಡಿಕೊಳ್ಳಿರಿ.

5. ಅವರು ಮನೆಗೆ ಬಂದು ಮಲಗಿದಾಗ ಕಿಟಕಿ ಮುಚ್ಚಿ ಕತ್ತಲು ಮಾಡಿರಿ. ಸಣ್ಣಪುಟ್ಟ ಕೆಲಸಕ್ಕೆ ಅವರನ್ನು ಎಬ್ಬಿಸಬಾರದು.

ವಾರಗಟ್ಟಲೆ ನಿದ್ದೆ ಬಾರದಿದ್ದರೆ ತಾವಾಗಿಯೇ ಮಾತ್ರೆ ನುಂಗದೆ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಿರಿ.

ಹದ ನೋಡಿ ಬಿತ್ತುವುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಲದ ಹದ ಕಾಯುವಂತೆ ನಿದ್ದೆಯ ಹೊತ್ತನ್ನೂ ಕಾಯಿರಿ.