ಚಕ್ರ ಹೊಂದಾಣಿಕೆ

ಚಕ್ರ ಹೊಂದಾಣಿಕೆ ಅಥವಾ ವೀಲ್ ಅಲೈನ್‌ಮೆಂಟ್ ಎಂಬುದು ಕಾರಿನ ಚಕ್ರಗಳು ತಯಾರಕರು ನಿಗದಿಪಡಿಸಿದ ಕೋನಗಳಲ್ಲಿ ನಿಲ್ಲುವಂತೆ ಸರಿಪಡಿಸುವ ಕ್ರಿಯೆ. ಹೆಸರಿನಲ್ಲಿ ಚಕ್ರವಿದ್ದರೂ ಚಕ್ರಕ್ಕೆ ಇಲ್ಲಿ ಏನನ್ನೂ ಮಾಡುವುದಿಲ್ಲ. ಅದನ್ನು ಹಿಡಿದಿರುವ ಸ್ಟಿಯರಿಂಗ್ ಮತ್ತು ಸಸ್ಪೆನ್ಷನ್ ಭಾಗಗಳ ಉದ್ದ ಅಥವಾ ಸ್ಥಾನವನ್ನು ಬದಲಿಸಲಾಗುತ್ತದೆ. ಚಕ್ರಕ್ಕೆ ಸಣ್ಣ ತೂಕದ ತುಂಡುಗಳನ್ನು ಕೂಡಿಸಿ ಸಮತೋಲನಗೊಳಿಸುವ ವೀಲ್ ಬ್ಯಾಲೆನ್ಸಿಂಗ್ ಬೇರೆಯೇ ಕೆಲಸ. ಸಾಮಾನ್ಯವಾಗಿ ಎರಡನ್ನೂ ಒಂದೇ ಅಂಗಡಿಯಲ್ಲಿ, ಒಂದೇ ಬಿಲ್ಲಿನಲ್ಲಿ ಮಾಡುವುದರಿಂದ ಇವೆರಡೂ ಒಂದೇ ಎಂಬ ಭಾವನೆ ವ್ಯಾಪಕವಾಗಿದೆ.

ಟೋ

ಹೊಂದಾಣಿಕೆಯ ಕೋನಗಳಲ್ಲಿ ಟಯರಿನ ಆಯುಷ್ಯಕ್ಕೆ ಅತಿ ಮುಖ್ಯವಾದುದು ಟೋ. ಮೇಲಿನಿಂದ ನೋಡಿದಾಗ ಎಡ ಮತ್ತು ಬಲ ಚಕ್ರಗಳ ಮುಂಭಾಗಗಳು ಪರಸ್ಪರ ಸಮೀಪಿಸಿದ್ದರೆ ಅದು ಟೋ-ಇನ್, ದೂರ ಸರಿದಿದ್ದರೆ ಟೋ-ಔಟ್. ಕಾಲ್ಬೆರಳುಗಳನ್ನು ಒಳಕ್ಕೆ ಅಥವಾ ಹೊರಕ್ಕೆ ತಿರುಗಿಸಿ ನಿಂತ ಮನುಷ್ಯನ ಭಂಗಿಯಿಂದ ಈ ಹೆಸರು ಬಂದಿದೆ.

ಒಂದು ಚಕ್ರ ತನ್ನ ದಾರಿಯಿಂದ ಅರ್ಧ ಡಿಗ್ರಿ ವಾಲಿದೆ ಎಂದುಕೊಳ್ಳೋಣ. ಇದು ಬರಿಗಣ್ಣಿಗೆ ಸುಲಭವಾಗಿ ಕಾಣುವುದಿಲ್ಲ, 60 ಸೆಂ.ಮೀ. ವ್ಯಾಸದ ಟಯರಿನಲ್ಲಿ ಅದರ ಮುಂದಿನ ಮತ್ತು ಹಿಂದಿನ ಅಂಚುಗಳ ನಡುವಣ ವ್ಯತ್ಯಾಸ ಕೇವಲ 5 ಮಿ.ಮೀ. ಆದರೆ ರೇಖಾಗಣಿತದ ಲೆಕ್ಕದಲ್ಲಿ ಅಂಥ ಚಕ್ರವು ಪ್ರತಿ ಕಿಲೋಮೀಟರಿಗೆ ಸುಮಾರು 8.7 ಮೀಟರ್‌ನಷ್ಟು ಅಡ್ಡಲಾಗಿ ಎಳೆಯಲ್ಪಡುತ್ತದೆ. ಬೆಂಗಳೂರಿನಿಂದ ಮೈಸೂರಿನವರೆಗಿನ 145 ಕಿ.ಮೀ. ಪಯಣದಲ್ಲಿ ಇದು ಒಂದೂಕಾಲು ಕಿಲೋಮೀಟರನ್ನು ಮೀರುತ್ತದೆ. ಟಯರಿನ ರಬ್ಬರು ಸವೆಯುವುದು ಈ ಉಜ್ಜಾಟದಿಂದ.

ಚಾಲಕನಿಗೆ ಇದು ಗೊತ್ತಾಗದೆ ಹೋಗುವುದಕ್ಕೂ ಕಾರಣವಿದೆ. ಮುಂದಿನ ಚಕ್ರಗಳ ಟೋ ದೋಷ ಎರಡೂ ಬದಿಗೆ ಸಮನಾಗಿ ಹಂಚಿಕೆಯಾಗುತ್ತದೆ. ಒಂದು ಚಕ್ರ ಎಡಕ್ಕೆ ತಳ್ಳಿದರೆ ಇನ್ನೊಂದು ಬಲಕ್ಕೆ ತಳ್ಳಿ ಕಾರು ನೇರವಾಗಿಯೇ ಸಾಗುತ್ತದೆ. ಆದುದರಿಂದ ಕಾರು ಪಕ್ಕಕ್ಕೆ ಎಳೆಯುತ್ತಿಲ್ಲ ಎಂಬುದು ಹೊಂದಾಣಿಕೆ ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಟಯರಿನ ಮೇಲ್ಮೈಗೆ ಅಡ್ಡಲಾಗಿ ಅಂಗೈಯನ್ನು ಎರಡೂ ದಿಕ್ಕಿನಲ್ಲಿ ಸವರಿದಾಗ, ಒಂದು ದಿಕ್ಕಿನಲ್ಲಿ ನುಣುಪಾಗಿಯೂ ಇನ್ನೊಂದರಲ್ಲಿ ಗರಗಸದಂತೆ ಒರಟಾಗಿಯೂ ತೋರಿದರೆ ಟೋ ತಪ್ಪಿದೆ ಎಂದು ತಿಳಿಯಬಹುದು. ಟೋ-ಔಟ್ ಹೆಚ್ಚಾದಾಗ ಸವೆಯುವುದು ಟಯರಿನ ಒಳ ಅಂಚು. ನಿಂತ ಕಾರಿನಲ್ಲಿ ಅದು ಕಣ್ಣಿಗೆ ಬೀಳದ ಕಾರಣ ಒಳಗಿನ ತಂತಿ ಹೊರಬರುವವರೆಗೂ ಗಮನಕ್ಕೆ ಬಾರದಿರಬಹುದು. ಅಂಥ ಟಯರು ವೇಗದಲ್ಲಿ ಸಿಡಿಯುವ ಅಪಾಯವಿದೆ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದರೆ ಮುಂದಿನ ಟಯರುಗಳ ಒಳ ಅಂಚನ್ನು ನೋಡಬಹುದು.

ತಿರುವಿನಲ್ಲಿ ಮಾತ್ರ ಒಳಬದಿಯ ಚಕ್ರವು ಹೊರಬದಿಯದಕ್ಕಿಂತ ಹೆಚ್ಚು ತಿರುಗಬೇಕಾಗುತ್ತದೆ. ಇದನ್ನು ಸಾಧಿಸುವ ಕೊಂಡಿಯ ವಿನ್ಯಾಸ ಮೋಟಾರು ಕಾರಿಗಿಂತ ಹಳೆಯದು: ಜರ್ಮನಿಯ ಗೆಯೋರ್ಗ್ ಲಾಂಕೆನ್ಸ್‌ಪೆರ್ಗರ್ ಕುದುರೆಗಾಡಿಗಾಗಿ ರೂಪಿಸಿದ್ದ ಇದಕ್ಕೆ 1818ರಲ್ಲಿ ರುಡಾಲ್ಫ್ ಆಕರ್ಮನ್ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದನು. ಇಂದು ಅದಕ್ಕಿರುವುದು ಆಕರ್ಮನ್‌ನ ಹೆಸರೇ.

ಕ್ಯಾಂಬರ್ ಮತ್ತು ಕ್ಯಾಸ್ಟರ್

ಮುಂದಿನಿಂದ ನೋಡಿದಾಗ ಚಕ್ರವು ಲಂಬರೇಖೆಯಿಂದ ವಾಲಿರುವ ಕೋನ ಕ್ಯಾಂಬರ್. ಮೇಲ್ತುದಿ ಒಳಕ್ಕೆ ವಾಲಿದ್ದರೆ ಋಣ, ಹೊರಕ್ಕೆ ವಾಲಿದ್ದರೆ ಧನ. ಇದು ಅತಿಯಾದರೆ ಟಯರಿನ ಒಂದೇ ಅಂಚು ನುಣುಪಾಗಿ ಸವೆಯುತ್ತದೆ.

ಪಕ್ಕದಿಂದ ನೋಡಿದಾಗ ಸ್ಟಿಯರಿಂಗ್ ಅಕ್ಷವು ಹಿಂದಕ್ಕೆ ಅಥವಾ ಮುಂದಕ್ಕೆ ಓರೆಯಾಗಿರುವ ಕೋನ ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕಿನ ಓರೆಯಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು. ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳಲು ಇದು ನೆರವಾಗುತ್ತದೆ. ಎಡ-ಬಲಗಳ ಕ್ಯಾಸ್ಟರ್ ಭಿನ್ನವಾದರೆ, ಅದು ಕಡಿಮೆಯಿರುವ ಬದಿಗೆ ಕಾರು ಎಳೆಯುತ್ತದೆ.

ಭಾರತದಲ್ಲಿ ಓಡುವ ಸಣ್ಣ ಕಾರುಗಳಲ್ಲಿ ಬಹುಪಾಲು ಮುಂಭಾಗದಲ್ಲಿ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂಭಾಗದಲ್ಲಿ ತಿರುಚು ತೊಲೆಯ ಸಸ್ಪೆನ್ಷನ್ ಹೊಂದಿವೆ. ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ ತಿರುಗಿಸಿ ಸರಿಪಡಿಸಬಹುದಾದುದು ಮುಂದಿನ ಟೋ ಒಂದೇ. ಉಳಿದ ಕೋನಗಳನ್ನು ಅಳೆಯಬಹುದಷ್ಟೇ. ಅಲ್ಲಿ ಕ್ಯಾಂಬರ್ ತಪ್ಪಿದ್ದರೆ ಯಾವುದೋ ಭಾಗ ಬಾಗಿದೆ ಅಥವಾ ಸವೆದಿದೆ ಎಂದರ್ಥ. ಸ್ಟ್ರಟ್ಟನ್ನು ಜ್ಯಾಕ್‌ನಿಂದ ಒತ್ತಿ ಬಾಗಿಸಿ ಅಂಕಿಯನ್ನು ಸರಿಹೊಂದಿಸುವ ರೂಢಿ ಕೆಲವೆಡೆ ಇದೆಯಾದರೂ, ಕೆಟ್ಟ ಭಾಗವನ್ನು ಹುಡುಕಿ ಬದಲಿಸುವುದೇ ಸರಿಯಾದ ದುರಸ್ತಿ.

ಯಾವಾಗ ಅಗತ್ಯ

ಕೋನಗಳು ಸುಮ್ಮನೆ ಬದಲಾಗುವುದಿಲ್ಲ. ಆಳವಾದ ಗುಂಡಿಗೆ ಅಥವಾ ರಸ್ತೆಯಂಚಿನ ಕಲ್ಲಿಗೆ ಚಕ್ರ ಬಲವಾಗಿ ಬಡಿದಾಗ, ಟೈ-ರಾಡ್ ತುದಿ, ಲೋವರ್ ಆರ್ಮ್ ಅಥವಾ ಸ್ಟ್ರಟ್ ಬದಲಿಸಿದಾಗ, ನೇರ ರಸ್ತೆಯಲ್ಲಿ ಸ್ಟಿಯರಿಂಗ್ ಓರೆಯಾಗಿ ನಿಂತಾಗ, ಟಯರಿನ ಒಂದು ಅಂಚು ಬೇಗ ಸವೆದಾಗ ಪರೀಕ್ಷೆ ಅಗತ್ಯ. ಹೊಸ ಟಯರು ಹಾಕಿಸುವಾಗ ಪರೀಕ್ಷಿಸುವುದೂ ಲಾಭಕರ, ಏಕೆಂದರೆ ಹಳೆಯ ದೋಷ ಹೊಸ ಟಯರನ್ನೂ ತಿನ್ನುತ್ತದೆ. ಮಳೆಗಾಲ ಕಳೆದು ರಸ್ತೆಗಳು ಗುಂಡಿಬಿದ್ದ ಮೇಲೆ ಅಂಗಡಿಗಳಲ್ಲಿ ಸಾಲು ಬೆಳೆಯುವುದು ಸಹಜವೇ. ಇಂತಿಷ್ಟು ಸಾವಿರ ಕಿ.ಮೀ.ಗೊಮ್ಮೆ ಎಂಬ ನಿಯಮ ಪರೀಕ್ಷೆಗೆ ಅನ್ವಯಿಸುತ್ತದೆ. ಅಳತೆ ಸರಿಯಿದ್ದರೆ ತಿರುಗಿಸುವ ಅವಶ್ಯಕತೆಯಿಲ್ಲ.

ಎಲ್ಲ ತೊಂದರೆಗೂ ಹೊಂದಾಣಿಕೆ ಕಾರಣವಲ್ಲ. ಹೆಚ್ಚಿನ ವೇಗದಲ್ಲಷ್ಟೇ ಸ್ಟಿಯರಿಂಗ್ ನಡುಗಿದರೆ ಮೊದಲು ನೋಡಬೇಕಾದುದು ಬ್ಯಾಲೆನ್ಸಿಂಗ್. ಬ್ರೇಕ್ ಒತ್ತಿದಾಗ ಮಾತ್ರ ಕಾರು ಎಳೆದರೆ ದೋಷ ಹೆಚ್ಚಾಗಿ ಬ್ರೇಕಿನಲ್ಲಿರುತ್ತದೆ. ಗಾಳಿ ಕಡಿಮೆಯಾದ ಟಯರು ಎರಡೂ ಅಂಚುಗಳಲ್ಲಿ, ಹೆಚ್ಚಾದದ್ದು ನಡುವೆ ಸವೆಯುತ್ತದೆ. ನೀರು ಹರಿದುಹೋಗಲೆಂದು ರಸ್ತೆಗಳನ್ನು ಅಂಚಿನ ಕಡೆಗೆ ಇಳಿಜಾರಾಗಿ ನಿರ್ಮಿಸುವುದರಿಂದ, ಎಡಬದಿಯಲ್ಲಿ ಸಾಗುವ ನಮ್ಮ ವಾಹನಗಳು ತುಸು ಎಡಕ್ಕೆ ಸರಿಯುವುದು ದೋಷವೇ ಅಲ್ಲ.

ವಿಧಾನ

ಹಿಂದೆ ಕಾರಿನ ಪಕ್ಕದಲ್ಲಿ ನೂಲು ಕಟ್ಟಿ ಟೋ ಅಳೆಯುತ್ತಿದ್ದರು. ಈಗ ಚಕ್ರಕ್ಕೆ ಫಲಕಗಳನ್ನು ಸಿಕ್ಕಿಸಿ ಕ್ಯಾಮೆರಾಗಳ ಮೂಲಕ ಅಳೆಯಲಾಗುತ್ತದೆ. ಅದಕ್ಕೆ ಮುನ್ನ ಗಾಳಿಯ ಒತ್ತಡ ಸರಿಪಡಿಸಬೇಕು, ಬಾಲ್ ಜಾಯಿಂಟ್ ಮತ್ತು ಟೈ-ರಾಡ್‌ಗಳಲ್ಲಿ ಸಡಿಲವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸಡಿಲವಾದ ಭಾಗದ ಮೇಲೆ ಮಾಡಿದ ಹೊಂದಾಣಿಕೆ ನಿಲ್ಲುವುದಿಲ್ಲ. ಬಳಿಕ ಸ್ಟಿಯರಿಂಗನ್ನು ನೇರವಾಗಿ ಬಂಧಿಸಿ, ಟೈ-ರಾಡ್‌ಗಳನ್ನು ತಿರುಗಿಸಿ ಉದ್ದವನ್ನು ಹೊಂದಿಸಿ, ಲಾಕ್ ನಟ್ ಬಿಗಿಗೊಳಿಸುತ್ತಾರೆ. ಮೊದಲಿನ ಮತ್ತು ನಂತರದ ಅಳತೆಗಳಿರುವ ಮುದ್ರಿತ ಪ್ರತಿಯನ್ನು ಗ್ರಾಹಕರು ಕೇಳಿ ಪಡೆಯಬಹುದು. ಎಲೆಕ್ಟ್ರಾನಿಕ್ ಸ್ಥಿರತಾ ನಿಯಂತ್ರಣವಿರುವ ಹಲವು ಕಾರುಗಳಲ್ಲಿ ಈ ಕೆಲಸದ ನಂತರ ಸ್ಟಿಯರಿಂಗ್ ಕೋನದ ಸಂವೇದಕವನ್ನೂ ಮರುಹೊಂದಿಸಬೇಕಾಗುತ್ತದೆ.