ಡಬ್ಬಿಯ ಬೀನ್ಸೂ ಮಕ್ತಲಿನ ತೊಗರಿಯೂ

ಕೊಲ್ಲಿಯಿಂದ ರಜೆಯಲ್ಲಿ ಬಂದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ಡಿಸೆಂಬರಿನಲ್ಲಿ ಮನೆಗೆ ಬಂದು, ಮಿಠಾಯಿ ಪೊಟ್ಟಣದೊಡನೆ ಮೂರು ತಗಡಿನ ಡಬ್ಬಿಗಳನ್ನೂ ಮೇಜಿನ ಮೇಲಿಟ್ಟ. ಬೇಕ್ಡ್ ಬೀನ್ಸ್. "ಸರ್, ಡ್ಯೂಟಿ ಮುಗಿಸಿ ಬಂದರೆ ರಾತ್ರಿ ನಮಗೆ ಇದೇ ಊಟ, ಖುಬ್ಬೂಸ್ ಜೊತೆ ಒಬ್ಬೊಬ್ಬರಿಗೆ ಒಂದು ಡಬ್ಬಿ. ಮೊನ್ನೆ ಡಾಕ್ಟರು ಬಿ.ಪಿ. ಇದೆ ಅಂದರು. ಇದನ್ನು ತಿನ್ನಬಹುದೋ, ಬಿಡಬೇಕೋ?" ಎಂದು ಕೇಳಿದ. ಅವನಿಗಿನ್ನೂ ಮೂವತ್ತು ತುಂಬಿಲ್ಲ. ವರ್ಷವರ್ಷವೂ ಮಕ್ಕಳಿಗೆ ಸಮತೋಲ ಆಹಾರದ ಪಾಠ ಹೇಳುವ ನಮಗೆ ಆ ಗಳಿಗೆಯಲ್ಲಿ ಉತ್ತರ ಹೊಳೆಯಲಿಲ್ಲ. ನೋಡಿ ಹೇಳುತ್ತೇವೆ ಎಂದೆವು.

ಡಬ್ಬಿಯೊಳಗಿನ ಕಾಳು ನಾವು ಪಲ್ಯ ಮಾಡುವ ಬೀನ್ಸಿನ, ಉತ್ತರದವರ ರಾಜ್ಮಾದ ಒಡಹುಟ್ಟು. ಅಮೆರಿಕ ಖಂಡದ ಬೆಳೆ. ಅಲ್ಲಿನ ನೌಕಾದಳದವರ ನಿತ್ಯದ ಊಟವಾಗಿದ್ದುದರಿಂದ ನೇವಿ ಬೀನ್ ಎಂಬ ಹೆಸರು ಬಂದಿತು. ಹಿಂದೆ ಕಾಕಂಬಿಯನ್ನೂ ಹಂದಿಮಾಂಸವನ್ನೂ ಸೇರಿಸಿ ಮಡಕೆಯಲ್ಲಿ ನಿಧಾನವಾಗಿ ಬೇಯಿಸುತ್ತಿದ್ದರು. ಈಗಿನದಕ್ಕೆ 'ಬೇಕ್ಡ್' ಎಂಬುದು ಹೆಸರಿಗೆ ಮಾತ್ರ. ನೆನೆಸಿ, ಬಿಸಿನೀರಿನಲ್ಲಿ ಹದಗೊಳಿಸಿದ ಕಾಳನ್ನು ಟೊಮೆಟೊ ರಸದೊಡನೆ ಡಬ್ಬಿಗೆ ತುಂಬಿ, ಬಾಯಿ ಮುಚ್ಚಿದ ಮೇಲೆ ಆವಿಯ ಒತ್ತಡದಲ್ಲಿ ಬೇಯಿಸುತ್ತಾರೆ. ಕುಕ್ಕರಿನೊಳಗೆ ಪಾತ್ರೆ ಇಟ್ಟಂತೆ. ಆದ್ದರಿಂದಲೇ ತಣ್ಣಗೆ ತಿಂದರೂ ಅಪಾಯವಿಲ್ಲ; ಉಬ್ಬಿದ ಡಬ್ಬಿಯನ್ನು ಮಾತ್ರ ತೆರೆಯದೆ ಎಸೆಯಬೇಕು. 1886ರಲ್ಲಿ ಹೈನ್ಜ್ ಕಂಪೆನಿಯವರು ಲಂಡನ್ನಿನ ಶ್ರೀಮಂತರ ಅಂಗಡಿಯೊಂದರಲ್ಲಿ ಇದನ್ನು ಮಾರಲಿಟ್ಟಾಗ ಅದು ದುಬಾರಿ ತಿನಿಸು. ಎರಡನೆಯ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರಕಾರ ಅದನ್ನೇ ಅತ್ಯಗತ್ಯ ಆಹಾರವೆಂದು ಪರಿಗಣಿಸಿತು.

ಒಂದು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ನಾವು ಕ್ರಿಸ್‌ಮಸ್ ರಜೆಯಲ್ಲಿ ಮಕ್ತಲಿಗೆ ಹೊರಟೆವು. ಟಿ.ಸಿ.ಎಚ್. ಓದುವಾಗ ನಮ್ಮ ಕೋಣೆಯಲ್ಲಿದ್ದ ಗೆಳೆಯನ ಊರು ಅದು. ಮೇಷ್ಟ್ರ ಕೆಲಸ ಸಿಗದೆ ಆತ ಹೊಲಕ್ಕೆ ಮರಳಿ ಬಹಳ ವರ್ಷಗಳಾದುವು. ರಾಯಚೂರಿನಿಂದ ಬಸ್ಸು ಹಿಡಿದು ಕೃಷ್ಣೆಯ ಸೇತುವೆ ದಾಟಿದರೆ ತೆಲಂಗಾಣ. ಕಾಸರಗೋಡಿನವರಿಗೆ ಆ ನಾಡಿನ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ. ನಾವು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಂದೇ ಹೈದರಾಬಾದ್ ರಾಜ್ಯವೂ ಹಂಚಿಹೋಯಿತು. ರಾಯಚೂರು ಜಿಲ್ಲೆ ಮೈಸೂರಿಗೆ ಬಂದರೂ ಅದರ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಕ್ಕೆ ಹೋದುವು. ಗುಲ್ಬರ್ಗದ ತಾಂಡೂರು, ಕೊಡಂಗಲ್ ಕೂಡ ಹಾಗೆಯೇ. ಮಕ್ತಲ್ ಮಹಬೂಬನಗರದೊಡನೆ ಅತ್ತಲೇ ಉಳಿಯಿತು. 2019ರಿಂದ ಅದು ನಾರಾಯಣಪೇಟೆ ಜಿಲ್ಲೆಗೆ ಸೇರಿದೆ. ತೊಗರಿ ಮಾತ್ರ ಗಡಿಯ ಎರಡೂ ಬದಿಯಲ್ಲಿ ಒಂದೇ ಸಮನೆ ಬೆಳೆಯುತ್ತದೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ, ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರಕಿತು.

ನಾವು ಹೋದಾಗ ಹೊಲದಲ್ಲಿ ಕೊಯ್ಲು ಶುರುವಾಗಿತ್ತು. ಮೊದಲ ದಿನ ಉಪ್ಪು ಹಾಕಿ ಬೇಯಿಸಿದ ಹಸಿ ತೊಗರಿಕಾಯಿ. ರಾತ್ರಿ ಜೋಳದ ರೊಟ್ಟಿ, ತೊಗರಿಬೇಳೆ ಬೆರೆಸಿದ ಪುಂಡಿಪಲ್ಯ. ಪುಂಡಿ ಎಂದರೆ ತೆಲುಗರ ಗೋಂಗೂರ. ಅದರ ಹುಳಿಯೆದುರು ನಮ್ಮ ಬಿಂಬುಳಿ ಸಪ್ಪೆಯೆಂದೇ ಹೇಳಬೇಕು. ಊಟದ ನಡುವೆ ನಾವು ಡಬ್ಬಿ ತೆರೆದು ಎಲ್ಲರ ತಟ್ಟೆಗೂ ಒಂದೊಂದು ಚಮಚ ಬಡಿಸಿದೆವು. ಗೆಳೆಯನ ಅವ್ವ ಬಾಯಿಗಿಟ್ಟು ತುಸು ಹೊತ್ತು ಸುಮ್ಮನಿದ್ದರು. "ಮಾಸ್ತರ, ಬ್ಯಾಳ್ಯಾಗ ಸಕ್ರಿ ಯಾಕ ಹಾಕ್ಯಾರ? ಹೂರಣ ಮಾಡೂದಿತ್ತೇನು?" ಎಂದರು.

ಅವ್ವನ ನಾಲಗೆ ಹಿಡಿದದ್ದನ್ನೇ ಡಬ್ಬಿಯ ಚೀಟಿಯೂ ಹೇಳುತ್ತಿತ್ತು. ಸುಮಾರು 415 ಗ್ರಾಂ ತೂಕದ ಅಂಥ ಡಬ್ಬಿಯಲ್ಲಿ ಅರ್ಧದಷ್ಟು ಮಾತ್ರ ಕಾಳು, ಉಳಿದದ್ದು ರಸ. ಅದರಲ್ಲಿ ಸಸಾರಜನಕ ಸುಮಾರು 20 ಗ್ರಾಂ, ನಾರು 15 ಗ್ರಾಂ, ಸಕ್ಕರೆ 18ರಿಂದ 20 ಗ್ರಾಂ, ಉಪ್ಪು ಎರಡೂವರೆ ಗ್ರಾಂ. ಸಕ್ಕರೆಯಲ್ಲಿ ಸ್ವಲ್ಪ ಟೊಮೆಟೊದ್ದೇ ಆದರೂ ಒಟ್ಟಿನಲ್ಲಿ ನಾಲ್ಕು ಚಹಾ ಚಮಚಕ್ಕೆ ಕಡಿಮೆಯಲ್ಲ. ಇಡೀ ದಿನಕ್ಕೆ ಐದು ಗ್ರಾಂ ಉಪ್ಪು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಹುಡುಗ ಅದರ ಅರ್ಧವನ್ನು ಒಂದು ಡಬ್ಬಿಯಲ್ಲೇ ಮುಗಿಸುತ್ತಿದ್ದ. ಖುಬ್ಬೂಸಿನದು, ಉಪ್ಪಿನಕಾಯಿಯದು ಬೇರೆ.

ಇತ್ತ 100 ಗ್ರಾಂ ಒಣ ತೊಗರಿಬೇಳೆಯಲ್ಲಿ ಸಸಾರಜನಕ ಸುಮಾರು 22 ಗ್ರಾಂ. ಎಂದರೆ ಇಡೀ ಡಬ್ಬಿಗೆ ಸಮ. ಉಪ್ಪು ಎಷ್ಟೆಂಬುದು ಬೇಯಿಸುವವರ ಕೈಯಲ್ಲಿದೆ. ಆದರೆ ಡಬ್ಬಿಯ ಪರವಾಗಿಯೂ ಒಂದು ಮಾತು ಹೇಳಬೇಕು. ಅದರಲ್ಲಿರುವುದು ಸಿಪ್ಪೆಯೊಡನೆ ಇಡೀ ಕಾಳು. ಮಿಲ್ಲಿನಲ್ಲಿ ಸಿಪ್ಪೆ ಕಳೆದ ತೊಗರಿಬೇಳೆಯಲ್ಲಿ ಇಡೀ ತೊಗರಿಯ ಅರ್ಧದಷ್ಟು ನಾರೂ ಉಳಿಯುವುದಿಲ್ಲ. ಈ ಲೆಕ್ಕದಲ್ಲಿ ಡಬ್ಬಿಗೆ ಸರಿಜೋಡಿ ನಮ್ಮ ಊರಿನ ಹುರುಳಿ, ಹೆಸರು, ಅಲಸಂಡೆ. ಗಂಜಿಯೊಡನೆ ಬೇಯಿಸಿದ ಹೆಸರುಕಾಳನ್ನು ಬಡವರ ಊಟವೆಂದು ಮೂಗು ಮುರಿಯುವವರು ಡಬ್ಬಿಯ ಬೀನ್ಸನ್ನು ಕಪಾಟಿನಲ್ಲಿ ಸಾಲಾಗಿ ಜೋಡಿಸಿಡುವುದನ್ನು ನಾವು ಕಂಡಿದ್ದೇವೆ.

ಖುಬ್ಬೂಸ್ ಜೊತೆ ಬೀನ್ಸ್ ಎಂಬ ಜೋಡಿಯಲ್ಲೂ ತಪ್ಪಿಲ್ಲ. ಧಾನ್ಯದಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಅಂಶ ಕಾಳಿನಲ್ಲಿ ಹೇರಳ, ಕಾಳಿನಲ್ಲಿ ಕಡಿಮೆ ಇರುವ ಮೆಥಿಯೊನಿನ್ ಧಾನ್ಯದಲ್ಲಿ ಉಂಟು. ರೊಟ್ಟಿಗೆ ಬೇಳೆ, ಅನ್ನಕ್ಕೆ ಸಾಂಬಾರು, ಇಂಗ್ಲಿಷರ ಬ್ರೆಡ್ಡಿಗೆ ಬೀನ್ಸ್, ಎಲ್ಲವೂ ಒಂದೇ ಲೆಕ್ಕ. ಪುಂಡಿಯಂಥ ಹುಳಿಸೊಪ್ಪೋ ನಿಂಬೆಯೋ ಜೊತೆಗಿದ್ದರೆ ಕಾಳಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಹಿಂದೆಯೇ ಚಹಾ ಕುಡಿದರೆ ಅಷ್ಟೂ ಹತ್ತುವುದಿಲ್ಲ.

ಜೋಡಿ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಆ ದಖ್ಖಣದ ನೆಲವೇ ಸಾಕ್ಷಿ. ಜೋಳವೊಂದನ್ನೇ ನಂಬಿದ ಬಡವರಲ್ಲಿ ಬಿಸಿಲು ಬಿದ್ದ ಚರ್ಮ ಕಪ್ಪಾಗಿ ಸುಲಿಯುವ, ಬುದ್ಧಿಯನ್ನೂ ಕೆಡಿಸುವ ಪೆಲ್ಲಾಗ್ರಾ ರೋಗ ಕಾಣಿಸುತ್ತಿತ್ತು. ಹೈದರಾಬಾದಿನ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಾಂತಯ್ಯ 1960ರಲ್ಲಿ ಇದರ ಬಗ್ಗೆ ಬರೆದರು. ಜೋಳದಲ್ಲಿ ಲ್ಯೂಸಿನ್ ಹೆಚ್ಚಿರುವುದು ಕಾರಣವೆಂಬ ಅವರ ವಾದದ ಮೇಲೆ ಮುಂದೆ ಚರ್ಚೆಗಳಾದುವು. ಆದರೆ ರೊಟ್ಟಿಯೊಂದರಿಂದಲೇ ಊಟ ಪೂರ್ಣವಾಗದೆಂಬ ಬಗ್ಗೆ ತಕರಾರಿಲ್ಲ. ಬೇಳೆ ಬೆಳೆಯುವ ನಾಡಿನಲ್ಲಿ ಬೇಳೆಗೆ ಕೊರತೆಯೇ ಎಂದು ಗೆಳೆಯನನ್ನು ಕೇಳಿದೆವು. ಆತ ನಕ್ಕ. "ಸುಗ್ಗಿಯಾಗ ಸಾಲ ಮುಟ್ಟಿಸಾಕ ಎಲ್ಲಾ ಮಾರ್ತೀವಿ. ಬ್ಯಾಸಿಗ್ಯಾಗ ನಾವೂ ಅಂಗಡ್ಯಾಗ ಕೊಂಡು ತರೋದ. ಆವಾಗ ಬ್ಯಾಳಿ ತೆಳ್ಳಗಾಗ್ತದ, ಹುಡುಗ್ರ ತಾಟಿನಾಗ ಬರೀ ನೀರು." ಆ ಮಾತು ಕೇಳಿದ ಮೇಲೆ ಡಬ್ಬಿಯನ್ನು ಹಳಿಯುವ ನಮ್ಮ ಉತ್ಸಾಹ ಬಹಳಷ್ಟು ತಗ್ಗಿತು.

ಊರಿಗೆ ಮರಳಿ ವಿದ್ಯಾರ್ಥಿಗೆ ನಮ್ಮ ಉತ್ತರ ತಿಳಿಸಿದೆವು. ಬಿಡಬೇಕಿಲ್ಲ, ನಿತ್ಯ ಬೇಡ. ತಿನ್ನುವ ದಿನ ಅರ್ಧ ಡಬ್ಬಿ, ಜೊತೆಗೆ ಹಸಿ ಈರುಳ್ಳಿ, ಟೊಮೆಟೊ, ನಿಂಬೆ. ಉಪ್ಪು ಸಕ್ಕರೆ ಕಡಿಮೆ ಇರುವ ಬಗೆಯೂ ಬರುತ್ತದೆ, ಚೀಟಿ ಓದಿ ಕೊಳ್ಳಬೇಕು. ಉಳಿದ ದಿನಗಳಿಗೆ ಬೇಳೆಯೋ ಹೆಸರೋ ಬೇಯಿಸಿಕೊಳ್ಳಬೇಕು. ಡಾಕ್ಟರ ಮಾತ್ರೆಯನ್ನು ಮಾತ್ರ ನಮ್ಮ ಮಾತು ಕೇಳಿ ನಿಲ್ಲಿಸಕೂಡದು. ಅವ್ವ ಕಟ್ಟಿಕೊಟ್ಟಿದ್ದ ಬೇಳೆಯಲ್ಲಿ ಅರ್ಧವನ್ನು ಅವನ ಪೆಟ್ಟಿಗೆಗೆ ಹಾಕಿಸಿದೆವು. ಕುಕ್ಕರ್ ಉಂಟೇ ಎಂದು ಕೇಳಿದರೆ, "ಎಂಟು ಜನರಿಗೆ ಒಂದು ಉಂಟು ಸರ್, ಅದರ ರಬ್ಬರ್ ಹೋಗಿ ಆರು ತಿಂಗಳಾಯಿತು" ಎಂದ. ಅಳತೆ ಕೇಳಿಕೊಂಡು, ಪೇಟೆಯಿಂದ ಎರಡು ರಬ್ಬರ್ ತಂದು ಅದೇ ಪೆಟ್ಟಿಗೆಯಲ್ಲಿ ಇಟ್ಟೆವು.